ಕಣ್ಣಿದ್ದವರನ್ನ ಕರಕೊಂಡ್ ಬರ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಮಾತುಗಳನ್ನು ನಾನು ಬೆರಳಿನಿಂದ ಓದುತ್ತಿದ್ದೇನೆ. ನನ್ನ ಮುಂದಿರುವುದು ಬ್ರೈಲ್ ಹಾಳೆಗಳು. ಹುಟ್ಟಿನಿಂದಲೇ ನನಗೆ ಕಣ್ಣು ಕಾಣುವುದಿಲ್ಲ. ವಿಜಯಪುರ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇವತ್ತು ಬ್ಯಾಂಕಿನ ವಿಷಯ ಮಾತಾಡಬೇಕು ಅಂತ ಬಂದಿದ್ದೇನೆ.

ನನಗೆ ನೌಕರಿ ಸಿಕ್ಕಿದ್ದು 2012ರಲ್ಲಿ. ಸಂಬಳದ ಖಾತೆ ತೆರೆಯಲು ಒಂದು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು, ಚಹಾ ತರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಸರ್, ಮನ್ಯಾಗ ಕಣ್ಣಿದ್ದವರನ್ನ ಯಾರನ್ನಾದ್ರೂ ಕರಕೊಂಡ್ ಬರ್ರಿ. ಜಂಟಿ ಖಾತೆ ಮಾಡೂಣು. ನಿಮ್ಮ ಹೆಸರಿಗೆ ಎಟಿಎಂ ಕಾರ್ಡು, ಚೆಕ್‌ಬುಕ್ಕು ಬ್ಯಾಡ್ರಿ. ನಿಮ್ಮ ಚಲೋದಕ್ಕ ಹೇಳಾಕತ್ತೀನ್ರಿ."

ಮರುದಿನ ಅಣ್ಣನನ್ನು ಕರೆದುಕೊಂಡು ಹೋದೆ. ಫಾರಂ ಬಂತು. ಸಹಿ ಮಾಡುತ್ತೇನೆ ಎಂದೆ. "ಬ್ಯಾಡ್ರಿ, ಹೆಬ್ಬೆಟ್ಟು ಒತ್ತಿಬಿಡ್ರಿ" ಎಂದರು. ಆರನೇ ತರಗತಿಯ ಬೇಸಿಗೆ ರಜೆಯಲ್ಲಿ ಅವ್ವ ರಟ್ಟಿನಲ್ಲಿ ನನ್ನ ಹೆಸರಿನ ಅಕ್ಷರಗಳನ್ನು ಕತ್ತರಿಸಿ ಕೊಟ್ಟಿದ್ದಳು. ಅವುಗಳ ಅಂಚಿನ ಮೇಲೆ ಬೆರಳಾಡಿಸಿ ಕಲಿತ ಸಹಿ ನನ್ನದು. ಅದನ್ನು ಬಿಟ್ಟು, ಮಕ್ಕಳಿಗೆ ಅಕ್ಷರ ಕಲಿಸಲು ಹೊರಟ ಮಾಸ್ತರ ಹೆಬ್ಬೆಟ್ಟು ಒತ್ತಿದ. ಬೆರಳಿನ ಮಸಿ ಒರೆಸಿಕೊಳ್ಳುತ್ತಾ ಬಸ್ ಹತ್ತಿದ್ದು ಇನ್ನೂ ನೆನಪಿದೆ.

ಆ ಮ್ಯಾನೇಜರ್ ಕೆಟ್ಟವರಲ್ಲ. ನಮ್ಮಂಥವರಿಗೆ ಮೋಸ ಆಗಬಾರದು ಅನ್ನುವ ಕಾಳಜಿಯಿಂದಲೇ ಅವರು ಬೇಡ ಎಂದರು. ಆದರೆ ಆ ಕಾಳಜಿಯಿಂದ ಆಗಿದ್ದೇನು? ಕಾರ್ಡು ಅಣ್ಣನ ಹೆಸರಿಗೆ ಬಂತು. ಸಂಬಳ ನನ್ನದು, ಜೇಬು ಅವನದು. ಅಣ್ಣ ಒಂದು ರೂಪಾಯಿ ಆಚೀಚೆ ಮಾಡಲಿಲ್ಲ, ದೇವರಂಥವನು. ಆದರೂ ಅವ್ವನಿಗೆ ಒಂದು ಇಳಕಲ್ ಸೀರೆ ತರಬೇಕೆಂದರೆ ಅವನನ್ನೇ ಕೇಳಬೇಕಿತ್ತು. ಸೀರೆ ಮನೆಗೆ ಬರುವ ಮೊದಲೇ ಅದರ ಬೆಲೆ ಮನೆಮಂದಿಗೆಲ್ಲ ಗೊತ್ತಾಗಿರುತ್ತಿತ್ತು. ಎಲ್ಲರಿಗೂ ಇಂಥ ಅಣ್ಣ ಇರುವುದಿಲ್ಲ, ಅಲ್ವಾ? ಪಿನ್ ನಂಬರ್ ಯಾರಿಗೂ ಹೇಳಬೇಡಿ ಅಂತ ಬ್ಯಾಂಕುಗಳು ದಿನಾ ಸಂದೇಶ ಕಳಿಸುತ್ತವೆ. ನಮಗೆ ಮಾತ್ರ, ಇನ್ನೊಬ್ಬರಿಗೆ ಹೇಳದೆ ಹಣ ತೆಗೆಯುವ ದಾರಿಯನ್ನೇ ಇಡುವುದಿಲ್ಲ. ನಮ್ಮ ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೂ ಆಚೆ ಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತದೆ. ಒಬ್ಬರ ಕಿವಿಗೆ ಬಿದ್ದ ಪಿನ್ ನಂಬರಿನ ಗತಿಯೂ ಅದೇ.

ಆಮೇಲೆ ಗೊತ್ತಾಯಿತು, ಇದಕ್ಕೆಲ್ಲ ಉತ್ತರ ನಾನು ಬ್ಯಾಂಕಿನ ಮೆಟ್ಟಿಲು ಹತ್ತುವ ನಾಲ್ಕು ವರ್ಷ ಮೊದಲೇ ಸಿಕ್ಕಿತ್ತು. 2008ರ ಜೂನ್ 4ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತ್ತು. ಕಣ್ಣು ಕಾಣದವರು ಕಾನೂನಿನ ಪ್ರಕಾರ ಒಪ್ಪಂದ ಮಾಡಿಕೊಳ್ಳಲು ಅರ್ಹರು. ಹಾಗಾಗಿ ಬೇರೆಯವರ ಹೆಸರಿಗೆ ಬರೆಯುವ ಚೆಕ್ಕೂ ಸೇರಿ ಚೆಕ್‌ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್, ಎಲ್ಲವನ್ನೂ ಭೇದ ಮಾಡದೆ ಕೊಡಬೇಕು ಅಂತ ಅದರಲ್ಲಿದೆ. 1872ರ ಒಪ್ಪಂದ ಕಾಯ್ದೆ ಕೇಳುವುದು ವಯಸ್ಸು ತುಂಬಿದೆಯೇ, ಬುದ್ಧಿ ಸರಿಯಾಗಿದೆಯೇ, ಬೇರೆ ಯಾವುದಾದರೂ ಕಾನೂನಿನ ತಡೆ ಇದೆಯೇ ಅಂತ ಮಾತ್ರ. ಅಲ್ಲಿ ಕಣ್ಣಿನ ಮಾತೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಮು ಇನ್ನೂ ಬಿಡಿಸಿ ಹೇಳುತ್ತದೆ: ನಮ್ಮ ಹಣದ ವ್ಯವಹಾರ ನಾವೇ ನೋಡಿಕೊಳ್ಳುವುದು, ಬ್ಯಾಂಕಿನ ಸಾಲ ಪಡೆಯುವುದು, ಇವೆಲ್ಲ ಬೇರೆಯವರಷ್ಟೇ ನಮ್ಮ ಹಕ್ಕು.

ಆ ಸುತ್ತೋಲೆಯನ್ನು ಪ್ರಿಂಟ್ ತೆಗೆಸಿಕೊಂಡು 2014ರಲ್ಲಿ ಅದೇ ಶಾಖೆಗೆ ಮತ್ತೆ ಹೋದೆ. ಈ ಸಲ ಒಬ್ಬ ಮಹಿಳಾ ಕ್ಲಾರ್ಕ್ ಸಿಕ್ಕರು. ಸುತ್ತೋಲೆ ಪೂರ್ತಿ ಓದಿದರು. ಪಕ್ಕದಲ್ಲಿ ಕುಳಿತು, ಬೇರೆಯವರಿಗೆ ಕೇಳದ ಹಾಗೆ ತಗ್ಗಿದ ದನಿಯಲ್ಲಿ ಫಾರಂ ಓದಿ ಹೇಳಿದರು. ಸಹಿಯ ಜಾಗಕ್ಕೆ ಒಂದು ಸಣ್ಣ ಸ್ಕೇಲ್ ಹಿಡಿದು, "ಇದರ ಮ್ಯಾಲ ಮಾಡ್ರಿ ಸರ್" ಅಂದರು. ಇಡೀ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಅದೇ ವರ್ಷ ಇನ್ನೊಂದು ಒಳ್ಳೆಯ ಸುದ್ದಿ ಬಂತು. 2014ರ ಜುಲೈ 1ರಿಂದ ಹೊಸದಾಗಿ ಕೂರಿಸುವ ಪ್ರತಿ ಎಟಿಎಂ ಮಾತಾಡಬೇಕು, ಗುಂಡಿಗಳ ಮೇಲೆ ಬ್ರೈಲ್ ಇರಬೇಕು ಎಂದಿತು ರಿಸರ್ವ್ ಬ್ಯಾಂಕ್. ಇಯರ್‌ಫೋನ್ ಚುಚ್ಚಿದರೆ ಯಂತ್ರ ನಿಮ್ಮ ಕಿವಿಗೆ ಮಾತ್ರ ಹೇಳುತ್ತಾ ಹೋಗುತ್ತದೆ. 5ರ ಗುಂಡಿಯ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತದೆ. ಅದು ಸಿಕ್ಕರೆ ಉಳಿದ ಅಂಕಿಗಳು ತಾವಾಗಿ ಸಿಗುತ್ತವೆ. ಮೊದಲ ಸಲ ಒಬ್ಬನೇ ನಿಂತು ಐನೂರು ರೂಪಾಯಿ ತೆಗೆದಾಗ ನೋಟು ಹಿಡಿದ ಕೈ ನಡುಗುತ್ತಿತ್ತು. ಆದರೆ ಎಷ್ಟೋ ಕಡೆ ಇಯರ್‌ಫೋನಿನ ತೂತಿನಲ್ಲಿ ಧೂಳು ತುಂಬಿರುತ್ತದೆ, ಇಲ್ಲವೇ ದನಿಯನ್ನೇ ಆರಿಸಿರುತ್ತಾರೆ. ಯಂತ್ರ ಇದೆ, ಮಾತಿಲ್ಲ. ಎಟಿಎಂಗೆ ಹಣ ತುಂಬಲು ಬರುವವರು ಒಮ್ಮೆ ಇಯರ್‌ಫೋನ್ ಹಾಕಿ ನೋಡಿದರೆ ಸಾಕು.

ನೋಟಿನ ಕಷ್ಟ ಬೇರೆಯೇ ಇದೆ. ಹೊಸ 100, 200, 500ರ ನೋಟುಗಳ ಅಗಲ ಒಂದೇ. ಉದ್ದದಲ್ಲಿ ಒಂದಕ್ಕೂ ಮುಂದಿನದಕ್ಕೂ 4 ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ನೂರರ ಮೇಲೆ ಉಬ್ಬಿದ ತ್ರಿಕೋನ, ಐನೂರರ ಮೇಲೆ ಉಬ್ಬಿದ ವೃತ್ತ, ಅಂಚಿನಲ್ಲಿ ಗೆರೆಗಳು ಇವೆ. ನೋಟು ಹೊಸದಿದ್ದಾಗ ಬೆರಳಿಗೆ ಚೆನ್ನಾಗಿ ತಾಗುತ್ತವೆ. ನಾಲ್ಕು ಸಂತೆ ಸುತ್ತಿ ಬಂದ ನೋಟಿನಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೇ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ 'ಮಣಿ' ಅನ್ನುವ ಆ್ಯಪ್ ಕೊಟ್ಟಿತು. ಕ್ಯಾಮೆರಾ ಮುಂದೆ ಹಿಡಿದರೆ ಯಾವ ನೋಟು ಅಂತ ಹೇಳುತ್ತದೆ. ಇಂಟರ್ನೆಟ್ ಬೇಕಿಲ್ಲ.

ಬ್ಯಾಂಕಿನ ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಂಡಿಗಳಿಗೆ ಹೆಸರು ಕೊಡದೆ ಬಿಟ್ಟರೆ, ಪರದೆಯನ್ನು ಓದಿ ಹೇಳುವ ನಮ್ಮ ಫೋನು "ಬಟನ್, ಬಟನ್" ಅಂತಷ್ಟೇ ಓದುತ್ತದೆ. ವಿಡಿಯೋದಲ್ಲಿ ಗುರುತು ತೋರಿಸುವಾಗ ಕಣ್ಣು ಮಿಟುಕಿಸಿ ಅನ್ನುತ್ತಾರೆ. ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ತೀರ್ಪು ಬಂದಿದೆ.

ನನಗಿಂತ ಜಾಸ್ತಿ ಚಿಂತೆ ಹಳ್ಳಿಯ ಹಿರಿಯರದ್ದು. ಮಾಸಾಶನಕ್ಕೆ ಯಂತ್ರದ ಮೇಲೆ ಬೆರಳಿಡುತ್ತಾರೆ. ಎಷ್ಟು ತೆಗೆದರು, ಚೀಟಿಯಲ್ಲಿ ಏನಿದೆ, ಅವರಿಗೆ ತಿಳಿಯುವುದಿಲ್ಲ. ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ, ಇದನ್ನು ಕೇಳುತ್ತಿರುವ ಬ್ಯಾಂಕ್ ಮಿತ್ರರೇ, ದಯವಿಟ್ಟು ತೆಗೆದ ಹಣವನ್ನೂ ಉಳಿದ ಹಣವನ್ನೂ ಅವರಿಗೆ ಓದಿ ಹೇಳಿ. ನೋಟುಗಳನ್ನು ಒಂದೊಂದಾಗಿ ಎಣಿಸಿ ಅವರ ಕೈಯಲ್ಲಿಡಿ.

ಯಾವುದಾದರೂ ಶಾಖೆ ಸೇವೆ ಕೊಡುವುದಿಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ. ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ. ಹೇಗೆ ಬರೆಯಬೇಕು ಅಂತ ಕೇಳಲು 14448ಕ್ಕೆ ಫೋನ್ ಮಾಡಿ.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳಿಗೆ ಈ ತಿಂಗಳು ಹದಿನೆಂಟು ತುಂಬಿತು. ಅವಳಿಗೂ ಕಣ್ಣು ಕಾಣುವುದಿಲ್ಲ. ಅವ್ವ ಮಾಡಿದ ಹಾಗೆಯೇ ಅವಳ ಹೆಸರನ್ನು ರಟ್ಟಿನಲ್ಲಿ ಕತ್ತರಿಸಿ ಕೊಡಿಸಿದ್ದೇನೆ. ವಾರದಿಂದ ಬರೆದು ಬರೆದು ರೂಢಿ ಮಾಡಿಕೊಳ್ಳುತ್ತಿದ್ದಾಳೆ. ಸೋಮವಾರ ಖಾತೆ ತೆರೆಯಲು ಹೋಗುತ್ತಿದ್ದೇವೆ. ಸ್ಕೇಲ್ ಅವಳ ಚೀಲದಲ್ಲೇ ಇದೆ.

ನಮಸ್ಕಾರ.