ಹಂದಿಯ ಕರುಳು, ಸಾಕುವವರ ದಿನಚರಿ

ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆಯಿಂದ ಬಂದಿರುವ ಹಂದಿ ಸಾಕಣೆದಾರರಿಗೂ ಪಶು ಆಸ್ಪತ್ರೆಗಳ ಸಿಬ್ಬಂದಿಗೂ ನಮಸ್ಕಾರ. ಮರಿಗಳಿಗೆ ಭೇದಿ ಹತ್ತಿದೆ, ಯಾವ ಇಂಜೆಕ್ಷನ್ ಹಾಕಿಸಬೇಕು ಎಂದು ನನ್ನನ್ನು ಕೇಳುವವರೇ ಹೆಚ್ಚು. ಆದರೆ ಭೇದಿ ತರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ಆರೋಗ್ಯವಾಗಿ ಕಾಣುವ ಹಂದಿಗಳ ಕರುಳಿನಲ್ಲಿಯೂ ಇರುತ್ತವೆ. ಅವು ಯಾವ ವಾರ, ಯಾವ ಅಂಕಣದಲ್ಲಿ, ಎಷ್ಟು ಮರಿಗಳಲ್ಲಿ ರೋಗವಾಗಿ ಎದ್ದೇಳುತ್ತವೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಸಾಕುವವರ ದಿನಚರಿ. ಇಂದು ಈ ಒಂದು ವಿಷಯವನ್ನೇ ಹಿಡಿದು ಮಾತನಾಡುತ್ತೇನೆ.

ಭೇದಿ ಹತ್ತಿದ ಮರಿಯ ವಯಸ್ಸನ್ನು ಮೊದಲು ಕೇಳಬೇಕು. ಹುಟ್ಟಿದ ಮೂರು ದಿನಗಳೊಳಗೆ ರಕ್ತಮಿಶ್ರಿತ ಭೇದಿಯಾಗಿ ಮರಿಗಳು ಸಾಲಾಗಿ ಸತ್ತರೆ ಬ್ಯಾಕ್ಟೀರಿಯಾಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಸಿ ಬಗೆಯನ್ನು ಶಂಕಿಸುತ್ತೇವೆ. ಮೊದಲ ವಾರದಲ್ಲಿಯೇ ನೀರಿನಂಥ ಹಳದಿ ಭೇದಿ ಕಂಡರೆ, ಇಲ್ಲವೇ ತಾಯಿಯಿಂದ ಬೇರ್ಪಟ್ಟ ಹತ್ತು ದಿನಗಳೊಳಗೆ ಭೇದಿ ಶುರುವಾದರೆ ಇ. ಕೋಲಿಯ ಕಡೆ ಗಮನ ಹೋಗುತ್ತದೆ. ಬೆಳೆಯುತ್ತಿರುವ ಹಂದಿಗಳಲ್ಲಿ ಲಾಸೋನಿಯಾ, ಬ್ರಾಕಿಸ್ಪೈರಾ ಮತ್ತು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳನ್ನು ಹುಡುಕುತ್ತೇವೆ. ವೈರಸ್‌ಗಳಿಂದಲೂ ಕಾಕ್ಸಿಡಿಯಾ ಎಂಬ ಏಕಕೋಶದ ಪರಾವಲಂಬಿಗಳಿಂದಲೂ ಭೇದಿಯಾಗುತ್ತದೆ. ಅವು ಇಂದಿನ ವಿಷಯದಿಂದ ಹೊರಗೆ.

ಹಂದಿಯ ಗರ್ಭದ ರಚನೆಯಿಂದಾಗಿ ತಾಯಿಯ ರೋಗನಿರೋಧಕ ಕಣಗಳು ಹೊಟ್ಟೆಯಲ್ಲಿರುವ ಮರಿಗೆ ದಾಟುವುದಿಲ್ಲ. ಮರಿಯ ರಕ್ತಕ್ಕೆ ಸೇರುವ ತಾಯಿಯ ರಕ್ಷಣೆಯೆಲ್ಲವೂ ಗಿಣ್ಣದ ಹಾಲಿನಿಂದಲೇ ಸಿಗಬೇಕು, ಅದೂ ಹುಟ್ಟಿದ ಒಂದು ದಿನದೊಳಗೆ. ಆ ಬಳಿಕ ಕರುಳು ಅದನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹೊಸ ಮರಿಗೆ ಮೊದಲ ದಿನಗಳಲ್ಲಿ 32ರಿಂದ 34 ಡಿಗ್ರಿ ಬಿಸಿ ಬೇಕು. ನಮ್ಮದು ಬಿಸಿಲ ಸೀಮೆ, ಇಲ್ಲಿ ಚಳಿಯ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಮಾರ್ಗಶಿರ, ಪುಷ್ಯದ ನಸುಕಿನಲ್ಲಿ ರಾತ್ರಿ ತೊಳೆದುಬಿಟ್ಟ ಸಿಮೆಂಟ್ ನೆಲದ ಮೇಲೆ ಅಂಗೈ ಇಟ್ಟು ನೋಡಿದರೆ ಅವರಿಗೆ ಉತ್ತರ ಸಿಗುತ್ತದೆ. ಆ ನೆಲದಲ್ಲಿ ಮಲಗಿದ ಮರಿಗೆ ಮೊಲೆ ಹುಡುಕಿ ಹೋಗುವ ಕಸುವು ಇರುವುದಿಲ್ಲ, ಅದರ ಕರುಳಿನ ಚಲನೆಯೂ ಮಂದವಾಗಿ ಬ್ಯಾಕ್ಟೀರಿಯಾಗಳಿಗೆ ಅಲ್ಲಿಯೇ ನೆಲೆಯೂರಲು ಸಮಯ ಸಿಗುತ್ತದೆ. ಒಣ ಹುಲ್ಲಿನ ಹಾಸು, ಒಂದು ಮೂಲೆಯಲ್ಲಿ ಬಿಸಿ ಬಲ್ಬು, ಈಯುವ ಅಂಕಣಕ್ಕೆ ತರುವ ಮೊದಲು ತಾಯಿಹಂದಿಯ ಹೊಟ್ಟೆ ಮತ್ತು ಕೆಚ್ಚಲನ್ನು ಸಾಬೂನು ಹಾಕಿ ತೊಳೆಯುವುದು, ಇವು ಖರ್ಚಿನ ಕೆಲಸಗಳೇನೂ ಅಲ್ಲ.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಮೊಲೆ ಬಿಡಿಸುವ ಹೊತ್ತಿನಲ್ಲಿ. ಹಾಲಿನೊಡನೆ ಕರುಳಿಗೆ ಬರುತ್ತಿದ್ದ ತಾಯಿಯ ರಕ್ಷಣೆ ಅಂದೇ ನಿಲ್ಲುತ್ತದೆ, ಮರಿಯ ಸ್ವಂತ ರಕ್ಷಣೆ ಇನ್ನೂ ಬಲಿತಿರುವುದಿಲ್ಲ. ಹೊಸ ಜಾಗ, ಹೊಸ ಜೊತೆಗಾರರು ಮತ್ತು ಒಣ ಆಹಾರದ ನಡುವೆ ಮರಿ ಒಂದೆರಡು ದಿನ ಸರಿಯಾಗಿ ತಿನ್ನುವುದಿಲ್ಲ. ಆಹಾರ ಇಳಿಯದಿದ್ದಾಗ ಸಣ್ಣಕರುಳಿನ ಒಳಗೋಡೆಯ ಬೆರಳಿನಂಥ ಎಳೆಗಳು ಕುಗ್ಗಿ, ಆಮೇಲೆ ಹಸಿವಿನಿಂದ ಒಮ್ಮೆಲೇ ತಿಂದದ್ದು ಜೀರ್ಣವಾಗದೆ ಉಳಿದು ಇ. ಕೋಲಿಗೆ ಮೇವಾಗುತ್ತದೆ. ಅದು ಕರುಳಿನ ಗೋಡೆಗೆ ಅಂಟಿಕೊಂಡು ಬಿಡುವ ವಿಷ ದೇಹದ ನೀರನ್ನು ಕರುಳಿಗೆ ಎಳೆಯುವುದರಿಂದ, ನಿನ್ನೆ ಚೆನ್ನಾಗಿದ್ದ ಮರಿ ಇಂದು ಕಣ್ಣು ಗುಳಿಬಿದ್ದು ಸಾಯುತ್ತದೆ.

ಇಲ್ಲಿ ಸ್ವೀಡನ್ ದೇಶದ ಅನುಭವ ನಮಗೆ ಪಾಠವಾಗಬಲ್ಲದು. 1986ರಲ್ಲಿ ಆ ದೇಶವು ಬೆಳವಣಿಗೆಗಾಗಿ ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ನಿಷೇಧಿಸಿದಾಗ ಮೊಲೆ ಬಿಡಿಸಿದ ಮರಿಗಳಲ್ಲಿ ಭೇದಿಯೂ ಸಾವೂ ಏರಿದವು. ಅಲ್ಲಿಯವರೆಗೆ ಔಷಧವು ಮುಚ್ಚಿಟ್ಟಿದ್ದ ಕೊಟ್ಟಿಗೆಯ ದೋಷಗಳು ಹೊರಬಿದ್ದವು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ. ರೈತರು ಮೊಲೆ ಬಿಡಿಸುವ ವಯಸ್ಸು ಏರಿಸಿದರು, ಹುಲ್ಲಿನ ಹಾಸು ಹೆಚ್ಚಿಸಿದರು, ಆಹಾರದ ಪ್ರೋಟೀನ್ ಇಳಿಸಿದರು, ಮರಿಗಳನ್ನು ತಂಡ ತಂಡವಾಗಿ ಸಾಕಲಾರಂಭಿಸಿದರು. ಪರಿಸ್ಥಿತಿ ಹತೋಟಿಗೆ ಬಂತು. ಯುರೋಪಿನ ಒಕ್ಕೂಟ ಇದೇ ನಿಷೇಧವನ್ನು 2006ರಲ್ಲಿ ತಂದಿತು. ಭೇದಿ ತಡೆಯಲು ಹೆಚ್ಚಿನ ಪ್ರಮಾಣದಲ್ಲಿ ಸತುವಿನ ಆಕ್ಸೈಡ್ ಕೊಡುವುದನ್ನೂ ಅದು 2022ರಲ್ಲಿ ನಿಲ್ಲಿಸಿತು. ನಮ್ಮ ದೇಶದಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಬಳಸುವುದು 2019ರಿಂದ ನಿಷಿದ್ಧ. ಇಷ್ಟಾದರೂ ಯಾವುದೋ ಪುಡಿಯನ್ನು ಹಿಂಡಿಯಲ್ಲಿ ಕಲಸುವ ಚಾಳಿ ನಮ್ಮಲ್ಲಿ ಹೋಗಿಲ್ಲ.

ತಂಡವಾಗಿ ಸಾಕುವುದೆಂದರೆ ಒಂದೇ ವಯಸ್ಸಿನ ಮರಿಗಳು ಒಟ್ಟಿಗೆ ಅಂಕಣಕ್ಕೆ ಬಂದು ಒಟ್ಟಿಗೆ ಹೊರಹೋಗುವುದು, ನಡುವೆ ಅಂಕಣವನ್ನು ಕೆರೆದು, ತೊಳೆದು, ಸೋಂಕುನಾಶಕ ಹಾಕಿ, ಪೂರ್ತಿ ಒಣಗಿಸುವುದು. ಸಗಣಿ ಮೆತ್ತಿದ ನೆಲಕ್ಕೆ ಸುರಿದ ಸೋಂಕುನಾಶಕ ಕೆಲಸ ಮಾಡುವುದಿಲ್ಲ. ಒಣಗಿಸುವ ಕೆಲಸಕ್ಕೆ ವಿಜಯಪುರದ ಬಿಸಿಲಿಗಿಂತ ಒಳ್ಳೆಯ ಆಳು ಸಿಗಲಾರ. ನಮ್ಮಲ್ಲಿ ಇರುವುದೇ ಎಂಟು ತಾಯಿಹಂದಿ, ಇದು ಹೇಗಾದೀತು ಎನ್ನುವಿರಿ. ನಾಲ್ಕು ತಾಯಿಹಂದಿಗಳ ಮರಿಗಳನ್ನು ಒಂದೇ ದಿನ ಮೊಲೆ ಬಿಡಿಸಿದರೆ ಆ ತಾಯಿಹಂದಿಗಳು ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನಗಳೊಳಗೆ ಬೆದೆಗೆ ಬರುತ್ತವೆ, ಸುಮಾರು 114 ದಿನಗಳ ಗರ್ಭದ ನಂತರ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಈಯುತ್ತವೆ. ತಂಡ ತಾನಾಗಿಯೇ ಕೂಡಿಬರುತ್ತದೆ.

ಬೆಳೆಯುವ ಹಂದಿಗಳಲ್ಲಿ ಲಾಸೋನಿಯಾದ ಹಾನಿ ಕಣ್ಣಿಗೆ ಬೀಳದಂತೆ ನಡೆಯುತ್ತದೆ. ಜೀವಕೋಶದ ಒಳಗೇ ಬದುಕುವ ಈ ಬ್ಯಾಕ್ಟೀರಿಯಾ ಹೊಕ್ಕ ಕೋಶಗಳು ಬಲಿಯದೆ ಬರೀ ಹೆಚ್ಚುತ್ತ ಹೋಗುತ್ತವೆ. ಸತ್ತ ಹಂದಿಯನ್ನು ಕೊಯ್ದಾಗ ಸಣ್ಣಕರುಳಿನ ಕೊನೆಯ ಭಾಗ ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನಂತೆ ದಪ್ಪವಾಗಿ ಬಿರುಸಾಗಿರುತ್ತದೆ. ಸೀಳಿದರೆ ಒಳಗೋಡೆ ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಬದುಕಿರುವ ಹಂದಿಗಳಲ್ಲಿ ಭೇದಿ ಕಾಣದೆಯೂ ಇರಬಹುದು. ಒಂದೇ ದಿನ ಹುಟ್ಟಿದ ಮರಿಗಳು ನಾಲ್ಕನೆಯ ತಿಂಗಳಲ್ಲಿ ಒಂದು ದೊಡ್ಡದು ಒಂದು ಸಣ್ಣದು ಎಂದು ಏರುಪೇರಾಗಿದ್ದರೆ ತಳಿಯನ್ನು ದೂರುವ ಮೊದಲು ಸಗಣಿಯ ಪರೀಕ್ಷೆ ಮಾಡಿಸಬೇಕು.

ಬ್ರಾಕಿಸ್ಪೈರಾ ಹಯೋಡಿಸೆಂಟ್ರಿಯೆ ತರುವ ರಕ್ತಭೇದಿ ದೊಡ್ಡಕರುಳಿನ ರೋಗ. ಸಗಣಿಯಲ್ಲಿ ಲೋಳೆ, ರಕ್ತದ ಎಳೆಗಳು ಕಾಣುತ್ತವೆ. ತಂಪಾದ ಹಸಿ ಸಗಣಿಯಲ್ಲಿ ಅದು ವಾರಗಟ್ಟಲೆ ಬದುಕುತ್ತದೆ, ಸಗಣಿ ಒಣಗಿದರೆ ಬೇಗ ಸಾಯುತ್ತದೆ. ಇಲಿಗಳು ಅದನ್ನು ತಿಂಗಳುಗಟ್ಟಲೆ ಹೊತ್ತು ತಿರುಗಬಲ್ಲವು. ಕಬ್ಬು ಕಟಾವಾದ ಮೇಲೆ ಹೊಲದ ಇಲಿ, ಹೆಗ್ಗಣಗಳು ಹಿಂಡಿಯ ಚೀಲ ಹುಡುಕಿಕೊಂಡು ಶೆಡ್ಡಿಗೆ ಬರುವುದು ನಿಮಗೆ ತಿಳಿದದ್ದೇ. ಒಂದೇ ಸಲಿಕೆ, ಒಂದೇ ಕಸಬರಿಗೆ, ಒಂದೇ ಜೋಡಿ ಬೂಟು ಎಲ್ಲ ಅಂಕಣಗಳಿಗೂ ತಿರುಗಿದರೆ ಇಲಿಗಳ ಸಹಾಯವೂ ಬೇಕಿಲ್ಲ. ಕೆಲಸವನ್ನು ಎಳೆ ಮರಿಗಳಿಂದ ಶುರುಮಾಡಿ ದೊಡ್ಡವುಗಳಿಗೆ ಹೋಗಬೇಕು; ಭೇದಿಯ ಅಂಕಣ ಕೊನೆಗೆ. ಸಂತೆಯಿಂದ, ನಾಲ್ಕಾರು ಕಡೆಯಿಂದ ಮರಿ ಕೂಡಿಸುವವರು ಅಷ್ಟೂ ಕಡೆಯ ಕಾಯಿಲೆಯನ್ನು ಕೊಂಡು ತರುತ್ತಾರೆ. ಒಬ್ಬರಿಂದಲೇ ಕೊಳ್ಳಿ, ಕೊಂಡದ್ದನ್ನು ಕನಿಷ್ಠ ಒಂದು ತಿಂಗಳು ಬೇರೆಯಾಗಿ ಇರಿಸಿ.

ಆಹಾರದ ಬಗ್ಗೆ ಒಂದೆರಡೇ ಮಾತು. ಗೋವಿನಜೋಳವನ್ನು ಹಿಟ್ಟಿನಂತೆ ನುಣ್ಣಗೆ ಬೀಸಿಸುವುದಕ್ಕಿಂತ ತುಸು ತರಿಯಾಗಿ ಒಡೆಸುವುದು ಲೇಸು. ತರಿ ಆಹಾರ ತಿನ್ನುವ ಹಂದಿಗಳಲ್ಲಿ ಸಾಲ್ಮೊನೆಲ್ಲಾ ಕಡಿಮೆ ಎಂಬುದು ಯುರೋಪಿನ ಅಧ್ಯಯನಗಳಲ್ಲಿ ಕಂಡಿದೆ. ಹೋಟೆಲ್ ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಾಕಬಾರದು.

ಕೊನೆಯದಾಗಿ, ರೋಗ ಎದ್ದಾಗ ಮಾಡಬೇಕಾದದ್ದು. ಭೇದಿ ಶುರುವಾದ ದಿನವೇ, ಯಾವ ಔಷಧವನ್ನೂ ಕೊಡುವ ಮೊದಲು, ನಾಲ್ಕೈದು ಮರಿಗಳ ಹಸಿ ಸಗಣಿಯನ್ನು ಬೇರೆ ಬೇರೆ ಸ್ವಚ್ಛ ಡಬ್ಬಿಗಳಲ್ಲಿ ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಿಗೆ ತಲುಪಿಸಿ. ಡಬ್ಬಿಯ ಮೇಲೆ ಮರಿಯ ವಯಸ್ಸು, ಅಂಕಣ, ಮೊಲೆ ಬಿಡಿಸಿದ ತಾರೀಖು ಬರೆದಿರಲಿ. ಮರಿ ಸತ್ತರೆ ಕೂಡಲೇ ಫೋನ್ ಮಾಡಿ, ಸಂಜೆಯವರೆಗೆ ಕಾಯಬೇಡಿ. ನಮ್ಮ ಸೆಕೆಯಲ್ಲಿ ಕೆಲವೇ ತಾಸುಗಳಲ್ಲಿ ಕರುಳು ಕೊಳೆತು, ಕೊಯ್ದು ನೋಡಿದರೂ ಏನೂ ತಿಳಿಯದಂತಾಗುತ್ತದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.