ತಡೆಗೋಡೆಗೂ ನೀರಿಗೂ ನಡುವಿನ ಮಣ್ಣು

ಈಗ ನಿಮಗೆ ಕೇಳಿಸುತ್ತಿರುವುದು ಸೇತುವೆಯ ಮೇಲಿನ ವಾಹನಗಳ ಸದ್ದು. ಅದರ ಕೆಳಗೆ, ನಗರದ ನಡುವೆ ಹರಿಯುವ ಈ ನದಿಯ ದಡದಲ್ಲಿ, ಬೆಳಕು ಹರಿಯುವ ಮೊದಲೇ ಬಂದು ಕ್ಯಾಮೆರಾ ನಿಲ್ಲಿಸಿ ಕುಳಿತಿದ್ದೇನೆ. ಬಂದ ಕೂಡಲೇ ಇಲ್ಲಿ ಏನೂ ಕಾಣುವುದಿಲ್ಲ. ನಮ್ಮ ಹೆಜ್ಜೆಯ ಸಪ್ಪಳಕ್ಕೆ ಬೆದರಿ ಅಡಗಿದ ಜೀವಿಗಳು ಮತ್ತೆ ತಮ್ಮ ಕೆಲಸಕ್ಕೆ ಮರಳುವವರೆಗೆ ಅಲುಗಾಡದೆ ಕಾಯಬೇಕು.

ಮೊದಲು ಕಂಡದ್ದು ಇರುಳು ಬಕ. ರಾತ್ರಿಯಿಡೀ ಮೀನು, ಕಪ್ಪೆಗಳನ್ನು ಹಿಡಿದು, ಹಗಲು ಕಳೆಯಲು ಮರಕ್ಕೆ ಮರಳುತ್ತಿರುವ ಈ ಹಕ್ಕಿಯ ಒರಟು ಕೂಗನ್ನು ಕೇಳಿಯೂ ಅದು ಯಾವುದೆಂದು ತಿಳಿಯದವರು ನದಿಯ ಪಕ್ಕದಲ್ಲೇ ಎಷ್ಟೋ ಜನರಿದ್ದಾರೆ. ಸ್ವಲ್ಪ ಹೊತ್ತಿಗೆ ನೀರುಕಾಗೆಯೊಂದು ಮುಳುಗಿ ಎದ್ದು, ಕಂಬದ ತುದಿಯಲ್ಲಿ ರೆಕ್ಕೆಗಳನ್ನು ಅಗಲವಾಗಿ ಬಿಡಿಸಿ ನಿಂತಿತು. ಬಾತುಕೋಳಿಯ ಗರಿಗಳಂತೆ ಇದರ ಗರಿಗಳು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಒದ್ದೆಯಾದ ಗರಿಗಳಿಂದ ಆಳಕ್ಕೆ ಮುಳುಗುವುದು ಸುಲಭವಾಗುತ್ತದೆ, ಆಮೇಲೆ ಬಿಸಿಲಿಗೆ ಒಣಗಿಸಿಕೊಳ್ಳಬೇಕಾಗುತ್ತದೆ.

ಈ ಬಂಡೆಯ ಮೇಲಿನ ಕಪ್ಪು ಗುರುತನ್ನು ಗಮನಿಸಿ. ಮೀನಿನ ಹುರುಪೆ, ಮುಳ್ಳುಗಳೇ ತುಂಬಿರುವ ಇದು ನೀರುನಾಯಿಯ ಹಿಕ್ಕೆ. ನೀರುನಾಯಿಗಳು ಎದ್ದು ಕಾಣುವ ಜಾಗದಲ್ಲಿ ಹಿಕ್ಕೆ ಹಾಕಿ, ಅದರ ವಾಸನೆಯಿಂದಲೇ ತಮ್ಮ ಇರವನ್ನು ಇತರ ನೀರುನಾಯಿಗಳಿಗೆ ತಿಳಿಸುತ್ತವೆ. ಆದ್ದರಿಂದ ಪ್ರಾಣಿಯನ್ನು ಕಣ್ಣಾರೆ ಕಾಣದ ದಿನವೂ ಅದು ಇಲ್ಲಿ ಹಾದುಹೋಗಿದೆಯೆಂದು ತಿಳಿಯುತ್ತದೆ, ನನ್ನ ಪಾಲಿಗೆ ಅದೂ ಸಣ್ಣ ಸಂತೋಷವಲ್ಲ.

ನಗರದ ನದಿ ಒಮ್ಮೆ ಕೆಟ್ಟರೆ ಮುಗಿಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1957ರಲ್ಲಿ ಲಂಡನ್ನಿನ ಥೇಮ್ಸ್ ನದಿಯನ್ನು ಜೀವವಿಲ್ಲದ ನದಿಯೆಂದು ಘೋಷಿಸಲಾಗಿತ್ತು. ಒಳಚರಂಡಿ ನೀರಿನ ಶುದ್ಧೀಕರಣ ಸುಧಾರಿಸಿದ ಮೇಲೆ ಅದೇ ನದಿಗೆ ಮೀನುಗಳು ಮರಳಿದವು, ಇಂದು ಅಲ್ಲಿ ಸೀಲ್‌ಗಳೂ ಕಾಣಿಸುತ್ತವೆ. ಸಿಂಗಾಪುರದಲ್ಲಿ 1977ರಲ್ಲಿ ಆರಂಭವಾದ ನದಿ ಶುದ್ಧೀಕರಣ 10 ವರ್ಷ ನಡೆಯಿತು. ಈಗ ಆ ನಗರದ ಜಲಮಾರ್ಗಗಳಲ್ಲಿ ನೀರುನಾಯಿಗಳ ಕುಟುಂಬಗಳು ಹಾಡುಹಗಲೇ ಮೀನು ಹಿಡಿಯುತ್ತವೆ.

ಆದರೆ ನೀರು ತಿಳಿಯಾದರಷ್ಟೇ ಸಾಲದು ಎಂಬುದನ್ನು ನನಗೆ ಮನಗಾಣಿಸಿದ್ದು ಎದುರಿನ ಈ ದಡ. ಎಡಕ್ಕೆ ನೀರಿನ ಅಂಚಿನವರೆಗೂ ಕಾಂಕ್ರೀಟ್ ಗೋಡೆಯಿದೆ. ಬಲಕ್ಕೆ ಸುಮಾರು 30 ಅಡಿಯಷ್ಟು ಮಾತ್ರ ಗೋಡೆ ಕಟ್ಟದೆ ಉಳಿದ, ನೆಟ್ಟಗೆ ಕಡಿದಂತಿರುವ ಮಣ್ಣಿನ ದಿಬ್ಬವಿದೆ. ಕಿರು ಮಿಂಚುಳ್ಳಿ ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ಇಂಥ ದಿಬ್ಬದಲ್ಲೇ ಅದು ಕೊಕ್ಕಿನಿಂದ ಕುಟ್ಟಿ, ಕಾಲಿನಿಂದ ಮಣ್ಣನ್ನು ಹೊರಚೆಲ್ಲಿ ಉದ್ದನೆಯ ಬಿಲ ಕೊರೆದು, ಅದರ ಕೊನೆಯ ಪುಟ್ಟ ಕೋಣೆಯಲ್ಲಿ ಮೊಟ್ಟೆಯಿಡುತ್ತದೆ. ದಡವನ್ನು ಅಂದಗೊಳಿಸುವ ಹೆಸರಿನಲ್ಲಿ ಈ 30 ಅಡಿಯನ್ನೂ ಮುಚ್ಚಿದರೆ, ಎಷ್ಟೇ ಮೀನಿದ್ದರೂ ಮಿಂಚುಳ್ಳಿಗೆ ಇಲ್ಲಿ ಮರಿ ಮಾಡಲು ಸ್ಥಳವಿರುವುದಿಲ್ಲ. ನಮ್ಮ ಕಣ್ಣಿಗೆ ಪಾಳುಬಿದ್ದಂತೆ ತೋರುವ ಮಣ್ಣು, ಬೇರು, ಜೊಂಡುಗಳೇ ಈ ಜೀವಿಗಳ ಮನೆ. ಅದನ್ನು ಹಾಗೆಯೇ ಬಿಡಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ನಾನು ಕುಳಿತಿರುವ ಜಾಗ ಆ ಬಿಲದಿಂದ ಸಾಕಷ್ಟು ದೂರದಲ್ಲಿದೆ, ಚಿತ್ರವನ್ನು ಹತ್ತಿರಕ್ಕೆ ತಂದಿರುವುದು ಲೆನ್ಸ್ ಮಾತ್ರ. ಸಮೀಪ ಹೋದರೆ ತಾಯಿ ತಂದೆಗಳು ಬಿಲಕ್ಕೆ ಬರಲು ಹಿಂಜರಿಯುತ್ತವೆ, ಅಷ್ಟು ಹೊತ್ತೂ ಒಳಗಿನ ಮರಿಗಳು ಹಸಿದಿರುತ್ತವೆ.

ಈಗ ನೋಡಿ, ನೀಲಿ ಗೆರೆಯಂತೆ ಬಂದು ಕೊಂಬೆಯ ಮೇಲೆ ಕುಳಿತಿತು. ಕೊಕ್ಕಿನಲ್ಲಿ ಮೀನಿದೆ. ತಾನೇ ನುಂಗುವುದಾದರೆ ಮಿಂಚುಳ್ಳಿ ಮೀನಿನ ತಲೆಯನ್ನು ತನ್ನ ಗಂಟಲಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಸಂಗಾತಿಗೋ ಮರಿಗೋ ಕೊಡುವುದಾದರೆ ತಲೆ ಹೊರಮುಖವಾಗಿರುವಂತೆ ಹಿಡಿಯುತ್ತದೆ. ಇದರ ಕೊಕ್ಕಿನಲ್ಲಿ ಮೀನಿನ ತಲೆ ಹೊರಗಿದೆ. ಎರಡು ಬಾರಿ ಸುತ್ತ ನೋಡಿ, ನೇರವಾಗಿ ಹಾರಿ, ಮಣ್ಣಿನ ಬಿಲದೊಳಗೆ ಹೋಯಿತು.