ಸೀಟಿ ಹೊಡೆದ ಮ್ಯಾಲಿನ ಮಾತು

ಎಲ್ಲಾರಿಗೂ ನಮಸ್ಕಾರ್ರಿ. ನಾಡಿದ್ದಿಂದ ನೌಕರರ ಮತ್ತ ಹಳೇ ಆಟಗಾರರ ಬಾಸ್ಕೆಟ್‌ಬಾಲ್ ಮ್ಯಾಚ್ ಶುರು ಆಗ್ತಾವ. ರೂಲ್ಸ್ ನಿಮಗ ಗೊತ್ತವ, ಅದಕ್ಕ ಕರೆದಿಲ್ಲ. ಈ ಸಲ ಸೀಟಿ ಹಿಡಿಯೋ ರೆಫ್ರೀಗಳೊಳಗ ಅರ್ಧ ಮಂದಿ ಕಾಲೇಜ್ ಹುಡುಗ್ರು. ಆಡೋರು ಬ್ಯಾಂಕಿನವ್ರು, ಡಾಕ್ಟರು, ಪಿ.ಇ. ಮಾಸ್ತರು. ನಿನ್ನೆ ತನಕ 'ಸರ, ಸರ' ಅಂದವನು ಇವತ್ತ ಅದೇ ಸರಗೆ ಟ್ರಾವೆಲಿಂಗ್ (ಬಾಲ್ ಹಿಡದು ಹೆಚ್ಚು ಹೆಜ್ಜಿ ಹಾಕಿದ ತಪ್ಪು) ಕೊಡಬೇಕು. ಕೊಟ್ಟಾಗ ಸರ ತಿರುಗಿ ಒಂದು ನೋಟ ನೋಡ್ತಾರಲ್ಲ, ಅಲ್ಲಿಂದ ಮುಂದಿನ ಹತ್ತು ಸೆಕೆಂಡ್ ಹ್ಯಾಂಗ ನಡಸಬೇಕು, ಅಷ್ಟೇ ಇವತ್ತಿನ ಮಾತು.

ನಾ ಹೇಳೋದು ಒಂದೇ, ನಾಕು ಸಲ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊದಲ ಕ್ವಾರ್ಟರಿನಾಗ ಕೊಟ್ಟ ಟೆಕ್ನಿಕಲ್ ಫೌಲಿನ, ಅಂದ್ರ ಮಾತು-ನಡತಿ ತಪ್ಪಿದ್ದಕ್ಕ ಕೊಡೋ ಫೌಲಿನ, ಬೆಲಿ ಹೆಚ್ಚಂದ್ರ ಒಂದು ಪಾಯಿಂಟ್. ಕಡೀ ನಿಮಿಷದಾಗ ಕೊಟ್ಟದ್ದರ ಬೆಲಿ ಇಡೀ ಮ್ಯಾಚ್. ಕೊಡೋದಿದ್ರ ಲಗೂ ಕೊಡ್ರಿ, ಸಣ್ಣ ದನಿಯೊಳಗ ಕೊಡ್ರಿ.

ವಯಸ್ಸಾದವ್ರು ಯಾಕ ಹೆಚ್ಚು ತಕರಾರು ತಗೀತಾರ? ಇಪ್ಪತ್ತು ವರ್ಷದ ಹಿಂದಿನ ಲೇ-ಅಪ್ (ಓಡಿ ಬಂದು ರಿಂಗಿನ ಹತ್ರ ಹಾರಿ ಹಾಕೋ ಶಾಟ್) ಮನಸ್ಸಿನಾಗ ಹಂಗೇ ಅದ, ಕಾಲು ಮಾತ್ರ ಒಪ್ಪೋದಿಲ್ಲ. ಬಾಲ್ ರಿಂಗಿಗೆ ಮುಟ್ಟದೇ ಹೋದ್ರ 'ಕೈ ಹೊಡದಾ ರೀ' ಅಂತಾರ. ಡಿಫೆನ್ಸಿನಾಗ ಕಾಲು ಹಿಂದ ಬಿದ್ರ ಕೈ ಮುಂದ ಹೋಗ್ತದ. ಫೌಲ್ ಖರೇನೇ ಆಗ್ತದ, ಆದ್ರ ಮಾಡಿದವ್ರಿಗೆ ಅದು ಗೊತ್ತಾಗೋದಿಲ್ಲ. ಮ್ಯಾಲ ಈ ನಮ್ಮ ಬಿಸಿಲು. ಮೇ ತಿಂಗಳದಾಗ ಕಲಬುರಗಿ ನಲವತ್ತು ಡಿಗ್ರಿ ದಾಟಿರ್ತದ. ರಾತ್ರಿ ಏಳಕ್ಕ ಮ್ಯಾಚ್ ಇಟ್ರೂ ಸಿಮೆಂಟ್ ಕೋರ್ಟ್ ಕೆಳಗಿಂದ ಕಾವು ಬಿಡ್ತಿರ್ತದ. ಮೂರನೇ ಕ್ವಾರ್ಟರಿಗೆ ಬರೋದ್ರಾಗ ಉಸಿರೂ ಇರೋದಿಲ್ಲ, ತಾಳ್ಮೀನೂ ಇರೋದಿಲ್ಲ. ಮತ್ತ ಇವರ ಬೆಂಚಿನ ಮ್ಯಾಲ ಕೋಚ್ ಅಂತ ಯಾರೂ ಇರೋದಿಲ್ಲ. ಕಾಲೇಜ್ ಟೀಮಿನಾಗ ಹುಡುಗ ಕೂಗಾಡಿದ್ರ ಕೋಚ್ ಒಳಗ ಕರೀತಾನ. ಇಲ್ಲಿ ಕರಿಯೋರೇ ಇಲ್ಲ.

ಅದಕ್ಕ ಕ್ಯಾಪ್ಟನ್ನ ಹಿಡೀರಿ. ಮ್ಯಾಚ್ ಮೊದಲು ಇಬ್ಬರೂ ಕ್ಯಾಪ್ಟನ್ನರನ್ನ ಕರೆದು ಎರಡೇ ನಿಮಿಷ ಮಾತಾಡ್ರಿ. 'ಏನರ ಕೇಳೋದಿದ್ರ ನೀವು ಕೇಳ್ರಿ, ಬಾಲ್ ಡೆಡ್ ಆಗಿ ಗಡಿಯಾರ ನಿಂತಾಗ ಕೇಳ್ರಿ.' ಇದು ನಮ್ಮ ಉಪಕಾರ ಅಲ್ರೀ, ಫಿಬಾ, ಅಂದ್ರ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥಾ, ಅದರ ರೂಲ್ಸಿನಾಗೇ ಅದ, ಸಭ್ಯವಾಗಿ ವಿವರ ಕೇಳೋ ಹಕ್ಕು ಕ್ಯಾಪ್ಟನ್ನಿಗೆ ಅದ. ನಮ್ಮಲ್ಲಿ ಒಂದು ತೊಂದರಿ ಅಂದ್ರ, ಲೈಟಿನ ಬಾಡಿಗಿ ಉಳಸಲಿಕ್ಕ ಗಡಿಯಾರ ನಿಲ್ಲಿಸದೇ ಓಡಸ್ತಾರ. ಗಡಿಯಾರ ನಿಲ್ಲೋದೇ ಇಲ್ಲ ಅಂದ್ರ ಕೇಳೋದು ಯಾವಾಗ? ಮುಂದಿದ್ದ ಟೀಮ್ ಬೇಕಂತಲೇ ವಾದ ಹಚ್ಚಿ ಟೈಮ್ ತಿಂತದ. ಹಂಗಿದ್ರ ಮೊದಲೇ ಹೇಳಿಬಿಡ್ರಿ: ಪ್ರಶ್ನೆ ಟೈಮ್ ಔಟಿನಾಗ ಇಲ್ಲಾ ಕ್ವಾರ್ಟರ್ ಮುಗಿದ ಮ್ಯಾಲ.

ಇನ್ನ ಆಟದೊಳಗ. ಕೇಳೋ ಮಾತಿಗೂ ಗೊಣಗೋ ಮಾತಿಗೂ ಫರಕ್ ಮಾಡ್ರಿ. 'ಸರ, ಅದು ಬ್ಲಾಕಿಂಗ್ ಹ್ಯಾಂಗ ಆಯ್ತು?' ಇದು ಪ್ರಶ್ನೆ, ಇದಕ್ಕ ಉತ್ತರ ಕೊಡಲೇಬೇಕು. 'ಅವರು ಹಾರಿದ ಮ್ಯಾಲ ನೀವು ಅಡ್ಡ ಬಂದ್ರಿ.' ಮುಗೀತು. ಎರಡನೇ ವಾಕ್ಯ ಹೇಳಿದ್ರ ಅದು ಭಾಷಣ ಆಗ್ತದ, ಭಾಷಣಕ್ಕ ಎದುರು ಭಾಷಣ ಬರ್ತದ, ಈಗ ನಂದು ನಡದದಲ್ಲ ಹಂಗ. ಕಾಣಲಿಲ್ಲ ಅಂದ್ರ 'ನಡುವ ಒಬ್ಬರು ಬಂದ್ರು, ಕಾಣಲಿಲ್ಲ' ಅನ್ರಿ. ಅದೂ ಉತ್ತರನ. 'ನೋಡ್ತೀನ್ರಿ' ಅಂದ್ರ ಮಾತ್ರ ಮುಂದಿನ ಆಟಕ್ಕ ಖರೇನೇ ಅಲ್ಲಿ ನೋಡ್ರಿ. ಸುಮ್ನ ಅಂದ್ರ ಎರಡನೇ ಸಲ ನಂಬೋದಿಲ್ಲ.

ನಿಲ್ಲೋ ರೀತಿನೂ ಮಾತೇ. ಎದುರಾ ಎದುರು ಎದಿ ಕೊಟ್ಟು ನಿಲ್ಲಬ್ಯಾಡ್ರಿ. ಪಕ್ಕಕ್ಕ ನಿಂತು ಇಬ್ಬರೂ ಕೋರ್ಟಿನ ಕಡಿ ಮುಖ ಮಾಡ್ರಿ, ಕೈ ಹಿಂದ ಇರಲಿ. ಬೆರಳು ತೋರಸಬ್ಯಾಡ್ರಿ, ಹೆಗಲ ಮ್ಯಾಲ ಕೈ ಹಾಕಬ್ಯಾಡ್ರಿ. 'ಸುಮ್ನ ಆಡ್ರಿ' ಅನ್ನೋದನ್ನ ಬಿಟ್ಟೇ ಬಿಡ್ರಿ, ಹಂಗಂದಾಗ ಸುಮ್ನಾದವ್ರನ್ನ ಯಾರೂ ನೋಡಿಲ್ಲ. ಕರಿಯೋದಾದ್ರ ನಂಬರಿನಿಂದ ಕರೀರಿ, ಮರ್ಯಾದಿ ಸೇರಸಿ ಕರೀರಿ: 'ಏಳನೇ ನಂಬರ್ ಸರ.' ನಿಮ್ಮ ಸೋದರಮಾವ ಆಡಲಿಕ್ಕತ್ತಿದ್ರೂ ಕೋರ್ಟಿನೊಳಗ ಮಾವ ಅನ್ನಬ್ಯಾಡ್ರಿ, ಆ ಕಡಿ ಟೀಮಿನವ್ರ ಕಿವಿ ನಿಮಿರ್ತಾವ.

ಭಾಷಾದ್ದೂ ಹಂಗೇ. ನಮ್ಮೂರಾಗ ತಕರಾರು ಕನ್ನಡದಾಗ ಶುರು ಆಗಿ 'ಅರೇ ಭಾಯ್, ಕ್ಯಾ ದೇಖೇ ತುಮ್' ಅಂತ ದಖನಿಯೊಳಗ ಮುಗೀತದ. ನಡುವ ತೆಲುಗು, ಮರಾಠಿ. ಒಬ್ಬರಿಗೆ ಅವರ ಭಾಷಾದಾಗ ಸಣ್ಣಗ ನಕ್ಕೋತ ಉತ್ತರ ಕೊಟ್ರ ಆ ಕಡಿಯವ್ರಿಗೆ ಅದು ಒಳಗಿನ ಮಾತಿನಂಗ ಕಾಣ್ತದ. ಇಬ್ಬರೂ ಕ್ಯಾಪ್ಟನ್ನರಿಗೆ ತಿಳಿಯೋ ಭಾಷಾದಾಗ, ಇಬ್ಬರಿಗೂ ಕೇಳಸೋ ದನಿಯಾಗ ಹೇಳ್ರಿ.

ಇಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಪ್ರತಿ ಟೂರ್ನಮೆಂಟಿನಾಗೂ ಒಬ್ಬರು ಇರ್ತಾರ, ಮೂರು ಸೆಕೆಂಡ್ ಸಾಹೇಬ್ರು. ಬಾಲ್ ತಮ್ಮ ಟೀಮಿನ ತಾಬೇದಾಗ ಇದ್ದಾಗ ಎದುರಿನ ರಿಂಗಿನ ಕೆಳಗಿನ ಚೌಕದಾಗ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನೋ ರೂಲ್ ಅದಲ್ಲ, ಅದರಿಂದ ಬಂದ ಹೆಸರು. ಮಣಕಾಲಿಗೆ ಪಟ್ಟಿ, ಹೆಗಲಿಗೆ ಟವೆಲ್. ಬಾಲ್ ಎದುರಿನವ್ರ ಕೈಗೆ ಹೋದ್ರ ಸಾಕು, 'ರೆಫ್ರೀ, ಥ್ರೀ ಸೆಕೆಂಡ್! ಥ್ರೀ ಸೆಕೆಂಡ್!' ಅವರ ಎಣಿಕಿ ಒಂದರಿಂದ ಸೀದಾ ಮೂರಕ್ಕ ಹೋಗ್ತದ. ಎದುರಿನ ಸೆಂಟರ್ ಬೋರ್ಡಿನ ಕೆಳಗ ನಾಕು ಸಲ ಶಾಟ್ ಹೊಡದು, ನಾಕು ಸಲ ರಿಬೌಂಡ್ (ತಪ್ಪಿ ವಾಪಸ್ ಬಂದ ಬಾಲ್) ಹಿಡದು, ಎಂಟು ಸೆಕೆಂಡ್ ಅಲ್ಲೇ ನಿಂತ ಅಂತ ಇಟ್ಕೋರಿ. ಸಾಹೇಬ್ರು ಟವೆಲ್ ಒಗದೇ ಬಿಡ್ತಾರ. ನೀವೂ ಗಾಬರಿ ಆಗಿ ಸೀಟಿ ಹೊಡೀತೀರಿ. ತಪ್ಪು ನಿಮ್ಮದು! ಶಾಟ್ ಕೈ ಬಿಟ್ಟ ಕೂಡ್ಲೇ ಆ ಬಾಲ್ ಯಾವ ಟೀಮಿನ ತಾಬೇದಾಗೂ ಇಲ್ಲ, ಎಣಿಕಿ ಅಲ್ಲೇ ಮುಗೀತು. ರಿಬೌಂಡ್ ಹಿಡದ್ರ ಮತ್ತ ಒಂದರಿಂದ. ಇಷ್ಟಾದ ಮ್ಯಾಲ ಸಾಹೇಬ್ರು ಇನ್ನೊಂದು ತಗೀತಾರ: 'ಅವರ ಡಿಫೆಂಡರ್ ಒಳಗೇ ನಿಂತಾನಲ್ಲ, ಅದಕ್ಕ?' ಅದು ಎನ್‌ಬಿಎ ಅನ್ನೋ ಅಮೇರಿಕಾದ ಲೀಗಿನ ರೂಲ್. ಫೋನಿನಾಗ ನೋಡಿದ್ದು. ನಾವು ಆಡೋ ಫಿಬಾ ಆಟದಾಗ ಡಿಫೆಂಡರಿಗೆ ಮೂರು ಸೆಕೆಂಡಿನ ಲೆಕ್ಕ ಇಲ್ಲ. ಇಂಥವ್ರಿಗೆ ಔಷಧ ಅಂದ್ರ ಎಣಿಸೋದು ಕಾಣೋ ಹಂಗ ಎಣಸ್ರಿ. ಮತ್ತ ಒಂದು ಸಲ, ಒಂದೇ ಸಲ, ರೂಲ್ ಹೇಳ್ರಿ: 'ಸರ, ಶಾಟ್ ಹೋದ್ರ ಎಣಿಕಿ ಹೊಸದು.' ಎರಡನೇ ಸಲ ಕೂಗಿದ್ರ ಕಿವಿ ಮುಚ್ಕೋರಿ. ಮೂರನೇ ಸಲಕ್ಕ ಕ್ಯಾಪ್ಟನ್ ಹತ್ರ ಹೋಗಿ, 'ನಿಮ್ಮ ಒಂಬತ್ತನೇ ನಂಬರಿನವ್ರಿಗೆ ಹೇಳ್ರಿ, ಮುಂದ ನಾ ಹೇಳೋದಿಲ್ಲ, ಟೆಕ್ನಿಕಲ್ ಬರಸ್ತೀನಿ.' ನಾಕನೇ ಸಲ ಬರಸ್ರಿ. ಬರಸದೇ ಇದ್ರ, ಆ ಕಡಿ ಹತ್ತು ಮಂದಿ ಮೂರು ಸೆಕೆಂಡ್ ಸಾಹೇಬ್ರು ಹುಟ್ಟತಾರ.

ಬರಸೋದು ಹ್ಯಾಂಗ? ಒಂದು ಸೀಟಿ. ಕೈಲಿಂದ ಟಿ ಮಾಡ್ರಿ, ಎದಿ ಮಟ್ಟದಾಗ ಮಾಡ್ರಿ, ಗಾಳಿಪಟ ಹಾರಿಸಿದಂಗ ಬ್ಯಾಡ. ಸ್ಕೋರ್ ಟೇಬಲ್ಲಿಗೆ ಜರ್ಸಿ ಬಣ್ಣ, ನಂಬರ್ ಹೇಳಿ ಆ ಆಟಗಾರನಿಂದ ದೂರ ಹೋಗ್ರಿ. ಇನ್ನೊಬ್ಬ ರೆಫ್ರೀ ಬಂದು ನಡುವ ನಿಲ್ಲಬೇಕು. ಎದುರಿನ ಟೀಮಿಗೆ ಒಂದೇ ಫ್ರೀ ಥ್ರೋ (ಯಾರೂ ಅಡ್ಡ ಬರದೇ ಹೊಡಿಯೋ ಶಾಟ್), ಯಾರು ಬೇಕಾದ್ರೂ ಹೊಡೀಬಹುದು. ಆಮ್ಯಾಲ ಬಾಲ್ ಮೊದಲು ಯಾರದಿತ್ತೋ ಅವರಿಗೇ. ಭಾಳ ಮಂದಿ ಇಲ್ಲಿ ತಪ್ಪತಾರ, ಎರಡು ಥ್ರೋ ಕೊಟ್ಟು ಬಾಲೂ ಕೊಡ್ತಾರ. ಆ ಟೆಕ್ನಿಕಲ್ ಆಟಗಾರನನ್ನ ಹೊರಗ ಹಾಕೋ ಐದು ಫೌಲಿನೊಳಗ ಒಂದಾಗಿ ಕೂಡ್ತದ, ಟೀಮ್ ಫೌಲಿನಾಗೂ ಕೂಡ್ತದ. ಅದೇ ಆಟಗಾರನಿಗೆ ಎರಡನೇ ಟೆಕ್ನಿಕಲ್ ಬಂದ್ರ ಹೊರಗ. ನೋಡ್ರಿ, ಶಿಕ್ಷಾ ಎಷ್ಟು ಸಣ್ಣದದ! ಒಂದು ಪಾಯಿಂಟ್. ಇಷ್ಟು ಸಣ್ಣದನ್ನ ಜೇಬಿನಾಗ ಇಟ್ಕೊಂಡು ಮೂವತ್ತೈದು ನಿಮಿಷ ಬೈಸ್ಕೊಂಡು, ಕಡೀಕ ಸಿಟ್ಟಿನಾಗ ತಗೀತೀವಿ. ಆವಾಗ ಸ್ಕೋರ್ ಸಮ ಇರ್ತದ.

ಎಚ್ಚರಿಕಿ ಇಲ್ಲದೇ ಕೊಡೋವು ಇಷ್ಟೇ: ನಿಮಗೋ ನಿಮ್ಮ ಮನಿಯವ್ರಿಗೋ ಬೈದ್ರ, ಸಿಟ್ಟಿಲೆ ಬಾಲ್ ಒಗದ್ರ, ಕಣ್ಣು ಕಾಣೋದಿಲ್ಲ ಅಂತ ಕೈಸನ್ನೆ ಮಾಡಿದ್ರ, ನೀವು ದೂರ ಸರದ್ರೂ ಬೆನ್ನು ಹತ್ತಿ ಬಂದ್ರ. ಕೈ ಮಾಡಿದ್ರ ಟೆಕ್ನಿಕಲ್ ಅಲ್ಲ, ಸೀದಾ ಹೊರಗ.

ಚೀಟಿ ಬಂತು, ಐದೇ ನಿಮಿಷ ಅಂತ. ಉಳಿದದ್ದು ಓಡಸ್ತೀನಿ.

ಅರ್ಧ ತಕರಾರು ಬರೋದು ಸೀಟಿ ಹೊಡದು ಸಿಗ್ನಲ್ ಕೊಡದೇ ಇರೋದಕ್ಕ. ಫೌಲ್ ಇದ್ರ ಮುಷ್ಟಿ ಮ್ಯಾಲ, ಎರಡು ಸೆಕೆಂಡ್ ನಿಲ್ರಿ, ಆಮ್ಯಾಲ ಏನಾಯ್ತು ಅಂತ ತೋರಸ್ರಿ. ಫೌಲ್ ಆದ ಮ್ಯಾಲ ರೆಫ್ರೀಗಳು ಜಾಗಾ ಬದಲಿ ಮಾಡ್ತೀರಿ. ಆ ಬದಲಿ ನಿಮ್ಮನ್ನ ಸಿಟ್ಟಾದವ್ರ ಪಕ್ಕಕ್ಕೇ ತರ್ತಿದ್ರ ಆ ಸಲ ಬಿಡ್ರಿ. ಈ ಕಡಿ ತಪ್ಪಿದ್ದಕ್ಕ ಆ ಕಡಿ ಒಂದು ಕೊಟ್ಟು ಸಮ ಮಾಡಬ್ಯಾಡ್ರಿ, ಎರಡೂ ಟೀಮಿಗೆ ತಿಳೀತದ. ಟೆಕ್ನಿಕಲ್ ತಿಂದವ್ರು ಐದು ನಿಮಿಷ ಹೊರಗ ಕೂಡಬೇಕು ಅನ್ನೋ ಸ್ಥಳೀಯ ರೂಲ್ ಮಾಡೋದಿದ್ರ ಮಾಡ್ರಿ, ಚಲೋದು, ಆದ್ರ ಮ್ಯಾಚ್ ಮೊದಲು ಬರದಿಡ್ರಿ. ಮ್ಯಾಚ್ ಮುಗಿದ್ರ ಸ್ಕೋರ್ ಶೀಟ್ ನೋಡಿ ಸಹಿ ಹಾಕಿ ಹೊರಡ್ರಿ, ಟೇಬಲ್ ಹತ್ರ ನಿಂತು ಚರ್ಚಾ ಬ್ಯಾಡ. ಮರುದಿನ ಜಗತ್ ಸರ್ಕಲ್‌ನಾಗ ಚಹಾ ಕುಡಿಯೋವಾಗ ಸಿಕ್ಕೇ ಸಿಗ್ತಾರ, ಆವಾಗ ಕೇಳಿದ್ರ ಹೇಳ್ರಿ, ಚಹಾದ ರೊಕ್ಕ ಮಾತ್ರ ಅವರ ಕಡಿಂದ ಕೊಡಸಬ್ಯಾಡ್ರಿ.

ಈಗ ಹೊರಗ ಅಂಗಳಕ್ಕ ಹೋಗೋಣ್ರಿ. ಇಬ್ಬಿಬ್ಬರು ಜೋಡಿ ಆಗ್ರಿ, ಒಬ್ಬರು ರೆಫ್ರೀ, ಒಬ್ಬರು ತಕರಾರು ತಗಿಯೋರು, ಐದು ನಿಮಿಷಕ್ಕ ಬದಲಿ. ಸೀಟಿ ತಂದೀರಿಲ್ಲ ಎಲ್ಲಾರೂ?